ಗಾಜಿಗೆ ಬಿಟ್ಟ ಎರಡು ಬೆರಳು

ಫೆಬ್ರವರಿ ೬

ನಮಸ್ಕಾರ.

ನಿಮ್ಮನ್ನು ಏನೆಂದು ಕರೆದು ಪತ್ರ ಶುರು ಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ‘ಚಿರಂಜೀವಿ’ ಎಂದರೆ ಆಶೀರ್ವಾದ ಮಾಡಲು ಇವಳ್ಯಾರು ಅಂದುಕೊಳ್ಳುತ್ತೀರಿ. ‘ಮಗಳೇ’ ಎಂದರೆ ಎರಡು ವರ್ಷದ ಹಿಂದೆ ಅಪ್ಪನನ್ನು ಕಟ್ಟಿಕೊಂಡು ಬಂದವಳಿಗೆ ಎಷ್ಟು ಸಲಿಗೆ ನೋಡು ಅನ್ನುತ್ತೀರಿ. ಹಾಗಾಗಿ ಬರೀ ನಮಸ್ಕಾರ. ಅದು ಯಾರ ಮೈಗೂ ಹೊಂದುವ ಅಳತೆ.

ಈ ವಿಷಯವನ್ನು ನಿಮ್ಮಪ್ಪ ಫೋನಿನಲ್ಲಿ ಹೇಳುತ್ತೇನೆ ಎಂದಿದ್ದರು. ಆರು ವಾರದಿಂದ ಹೇಳುತ್ತಲೇ ಇದ್ದಾರೆ. ನಿಮ್ಮ ಸೇತುವೆ ಕೆಲಸದ ಜಾಗದಲ್ಲಿ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತದಂತೆ. ಸಿಕ್ಕಾಗ ನೀವಿಬ್ಬರೂ “ಊಟ ಆಯ್ತಾ”, “ಆಯ್ತು, ನಿಂದು?”, “ಆಯ್ತು” ಎಂದು ಮುಗಿಸಿಬಿಡುತ್ತೀರಿ. ಅಪ್ಪ ಮಗಳು ಇಬ್ಬರೂ ಹೊಟ್ಟೆ ತುಂಬಾ ಉಂಡಿದ್ದೀರಿ ಎಂಬುದೊಂದು ಮಾತ್ರ ಈ ಮನೆಗೆ ತಿಳಿದಿರುವ ಸುದ್ದಿ.

ವಿಷಯ ಇಷ್ಟೇ. ಅಡುಗೆಮನೆಯ ಹಿಂದೆ, ಮೆಟ್ಟಿಲಿನಿಂದ ನಿಂಬೆ ಗಿಡದವರೆಗೆ ಸಿಮೆಂಟು ಹಾಕಿದ ಜಾಗ ಖಾಲಿ ಬಿದ್ದಿದೆಯಲ್ಲ, ಅಲ್ಲೊಂದು ಗಾಜಿನ ಕೋಣೆ ಕಟ್ಟಿಸಬಹುದೇ ಎಂದು ನನ್ನ ಆಸೆ. ಮೂರು ಕಡೆ ಗಾಜು, ಮೇಲೂ ಗಾಜು. ನನ್ನ ಹೊಲಿಗೆ ಯಂತ್ರ ಈಗ ಮುಂಬಾಗಿಲಿಗೂ ಅಡುಗೆಮನೆಗೂ ನಡುವಿನ ಓಣಿಯಲ್ಲಿದೆ. ಯಾರಾದರೂ ನೀರು ಕುಡಿಯಲು ಹೋಗಬೇಕಾದರೂ ನಾನು ಎದ್ದು ಕುರ್ಚಿ ಎತ್ತಿ ದಾರಿ ಬಿಡಬೇಕು. ಬಟ್ಟೆ ಹಾಕಿ ನೋಡಲು ಬಂದವರು ಬಚ್ಚಲಿನೊಳಗೆ ಹೋಗುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಆ ಓಣಿಯಲ್ಲಿ ಕಪ್ಪು ದಾರಕ್ಕೂ ಕಡುನೀಲಿ ದಾರಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಕಳೆದ ತಿಂಗಳು ಒಂದು ಶಾಲೆಯ ಮೂವತ್ತು ಮಕ್ಕಳ ಕಪ್ಪು ಪ್ಯಾಂಟಿಗೆ ನೀಲಿ ಅಂಚು ಹೊಲಿದು, ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದೆ.

ನಿಮ್ಮಪ್ಪನನ್ನು ಕೇಳಿದರೆ, “ಅವಳು ಹ್ಞೂಂ ಅಂದ್ರೆ ನಂದೂ ಹ್ಞೂಂ. ನೀವಿಬ್ರೂ ನನ್ನನ್ನ ಮಧ್ಯಕ್ಕೆ ಎಳೀಬೇಡಿ” ಅಂದರು. ಐವತ್ತು ಜನರನ್ನು ಕೂರಿಸಿಕೊಂಡು ಬೆಟ್ಟದ ತಿರುವಿನಲ್ಲಿ ಬಸ್ಸು ತಿರುಗಿಸುವ ಮನುಷ್ಯ, ಮನೆಯ ವಿಷಯ ಬಂದರೆ ಬ್ರೇಕಿನ ಮೇಲಿನ ಕಾಲು ತೆಗೆಯುವುದಿಲ್ಲ. ಮನೆ ನಿಮ್ಮದೂ ಹೌದು, ಆದ್ದರಿಂದ ಕೇಳುತ್ತಿದ್ದೇನೆ. ನಕ್ಷೆ ಜೊತೆಗಿದೆ.

ಇತಿ,
ಟೈಲರ್
(ನಿಮ್ಮ ತಂದೆಯ ಮನೆಯವಳು)


ಫೆಬ್ರವರಿ ೨೦

ಟೈಲರಮ್ಮನವರಿಗೆ,

ಪತ್ರ ತಲುಪಿತು. ಇಲ್ಲಿಗೆ ಅಂಚೆ ವಾರಕ್ಕೊಮ್ಮೆ ಸಿಮೆಂಟಿನ ಲಾರಿಯಲ್ಲಿ ಬರುತ್ತದೆ, ಆದ್ದರಿಂದ ಉತ್ತರ ತಡ.

ನೀವು ಕಳಿಸಿದ್ದನ್ನು ನಕ್ಷೆ ಎನ್ನಲಾಗುವುದಿಲ್ಲ. ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೀರಿ. ಅದರಲ್ಲಿ ‘ಮುಂಭಾಗ’, ‘ಬೆನ್ನು’, ‘ಎಡ ತೋಳು’, ‘ಬಲ ತೋಳು’ ಎಂದು ಬರೆದಿದೆ. ನಾನು ಐದು ವರ್ಷದಿಂದ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದೇನೆ, ತೋಳಿರುವ ಕೋಣೆಯನ್ನು ಇದೇ ಮೊದಲು ನೋಡಿದ್ದು. ಬಾಗಿಲು ಯಾವ ಕಡೆ ತೆರೆಯುತ್ತದೆ, ಮಳೆನೀರು ಎಲ್ಲಿಗೆ ಹೋಗುತ್ತದೆ, ಎರಡೂ ಇಲ್ಲ. ಗುಂಡಿ ಹಾಕುವ ಜಾಗ ಮಾತ್ರ ಇದೆ.

ಅದು ಹಾಗಿರಲಿ. ನನ್ನ ಉತ್ತರ, ಬೇಡ.

ಹಿಂದಿನ ಮೆಟ್ಟಿಲ ಮೇಲೆ ಅಮ್ಮ ಕೂರುತ್ತಿದ್ದಳು. ಸಂಜೆ ನಾನು ಶಾಲೆಯಿಂದ ಬಂದಾಗ ಅಲ್ಲೇ ಇರುತ್ತಿದ್ದಳು, ಕೈಯಲ್ಲಿ ಏನೂ ಕೆಲಸವಿಲ್ಲದೆ, ಸುಮ್ಮನೆ. ಆ ನಿಂಬೆ ಗಿಡ ಅವಳು ನೆಟ್ಟಿದ್ದು. ನಿಮ್ಮ ‘ಎಡ ತೋಳು’ ಸರಿಯಾಗಿ ಅದರ ಮೇಲೆ ಬರುತ್ತದೆ. ನಾನು ಹದಿನೈದು ವರ್ಷದವಳಿದ್ದಾಗ ಅಮ್ಮ ಹೋದಳು. ಅವಳದೆಂದು ಆ ಮನೆಯಲ್ಲಿ ಬೆಳೆಯುತ್ತಿರುವುದು ಅದೊಂದೇ.

ನಿಮಗೆ ಬೆಳಕಿನ ತೊಂದರೆ ಇರುವುದು ಅರ್ಥವಾಗುತ್ತದೆ. ಓಣಿಗೆ ಹೆಚ್ಚು ಬೆಳಕಿನ ಎರಡು ದೀಪ ಹಾಕಿಸಿಕೊಳ್ಳಬಹುದು. ಮನೆ ಇದ್ದ ಹಾಗೇ ಇರಲಿ.

ಇತಿ,
ಡ್ರೈವರ್ ಮಗಳು


ಮಾರ್ಚ್ ೯

ನಮಸ್ಕಾರ.

ನಿಮ್ಮ ‘ಬೇಡ’ ತಲುಪಿತು. ನಿಮ್ಮಪ್ಪನಿಗೆ ಓದಿ ಹೇಳಿದೆ. “ನೋಡ್ದ್ಯಾ, ನಾನು ಹೇಳ್ಲಿಲ್ವಾ?” ಅಂದರು. ಏನು ಹೇಳಿದ್ದಿರಿ ಎಂದು ಕೇಳಿದರೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟರು.

ತೋಳಿನ ವಿಷಯಕ್ಕೆ ಕ್ಷಮೆ ಇರಲಿ. ನನಗೆ ಅಳತೆಯ ಭಾಷೆ ಗೊತ್ತಿರುವುದು ಅದೊಂದೇ. ಮೂವತ್ತು ವರ್ಷದಿಂದ ಯಾವುದನ್ನು ನೋಡಿದರೂ ಇದರ ಬೆನ್ನು ಎಲ್ಲಿ, ಕುತ್ತಿಗೆ ಎಲ್ಲಿ ಎಂದೇ ಕಣ್ಣು ಹುಡುಕುತ್ತದೆ. ನಿಮ್ಮಪ್ಪನ ಬಸ್ಸನ್ನು ಮೊದಲ ಸಲ ನೋಡಿದಾಗ ಸೊಂಟದ ಹತ್ತಿರ ಸಡಿಲವಾಗಿದೆ ಅನಿಸಿತ್ತು.

ದೀಪ ಹಾಕಿಸಿದೆ. ಈಗ ದಾರದ ಬಣ್ಣ ತಿಳಿಯುತ್ತಿದೆ. ಹಾಗಾಗಿ ಬೆಳಕಿನ ನೆಪ ಮುಗಿಯಿತು. ಉಳಿದದ್ದನ್ನೂ ಹೇಳಿಬಿಡುತ್ತೇನೆ, ಮನಸ್ಸಿನಲ್ಲಿಟ್ಟುಕೊಂಡರೆ ಸೂಜಿ ಕಳೆದುಕೊಂಡ ಹಾಗೆ ಎಲ್ಲಿ ಕೂತರೂ ಭಯ.

ಈ ಮನೆಗೆ ಬಂದ ಮೇಲೆ ನಾನು ಒಂದು ಡಬ್ಬಿಯ ಜಾಗವನ್ನೂ ಬದಲಿಸಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ನಿಮ್ಮ ತಾಯಿಯ ಕೊಡೆ ಇದೆ, ನನ್ನದನ್ನು ಮಂಚದ ಕೆಳಗಿಟ್ಟುಕೊಳ್ಳುತ್ತೇನೆ. ಅಡುಗೆಮನೆಯ ಸ್ಟೂಲಿಗೆ ಒಂದು ಕಾಲು ಗಿಡ್ಡ. ಅದನ್ನು ಸರಿ ಮಾಡಿಸದೆ ನನ್ನ ಕಾಲು ಊರಿಕೊಂಡು ಕೂರುವುದನ್ನು ಕಲಿತಿದ್ದೇನೆ. ಯಾರೂ ಹೀಗೆ ಮಾಡು ಎಂದು ಹೇಳಿಲ್ಲ. ನಿಮ್ಮಪ್ಪನಂತೂ ಸ್ಟೂಲಿಗೆ ಕಾಲು ಎಷ್ಟಿವೆ ಎಂದು ಕೇಳಿದರೂ ತಲೆ ಕೆರೆದುಕೊಳ್ಳುತ್ತಾರೆ. ನಾನೇ ಹಾಗೆ ಇದ್ದೇನೆ, ನೆಂಟರ ಮನೆಗೆ ಬಂದವಳು ಚೀಲವನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತ ಹಾಗೆ. ಹಳೆಯದನ್ನು ಮುಟ್ಟುವ ಆಸೆ ನನಗೆ ಎಳ್ಳಷ್ಟೂ ಇಲ್ಲ. ಆದರೆ ಮೊದಲು ಯಾರೂ ಇದ್ದಿರದ ಒಂದು ಕೋಣೆ ನನಗೆ ಬೇಕಿತ್ತು. ಅದಕ್ಕೇ ಕೇಳಿದ್ದು.

ನಿಮ್ಮ ಕೋಣೆಯ ಧೂಳನ್ನು ಭಾನುವಾರ ಹೊಡೆಯುತ್ತೇನೆ. ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟುತ್ತೇನೆ. “ಖಾಲಿ ಕೋಣೆಗೆ ಏನು ತಟ್ತೀಯೇ?” ಎಂದು ನಿಮ್ಮಪ್ಪ ನಗುತ್ತಾರೆ. ನಗಲಿ, ಕೋಣೆ ನಿಮ್ಮದು. ಅಲ್ಲಿನ ಬೀರುವಿನಲ್ಲಿ ಆ ಬೂದು ಬಣ್ಣದ ಕೋಟು ತೂಗುಹಾಕಿದ್ದೇನೆ, ಮದುವೆಯಾದ ವರ್ಷ ಚಳಿಗೆಂದು ನಿಮಗೆ ಹೊಲಿದು ಕಳಿಸಿದ್ದು. ಭುಜದಲ್ಲಿ ಬಿಗಿ ಎಂದು ನೀವು ಅಪ್ಪನ ಕೈಯಲ್ಲಿ ವಾಪಸ್ ಕಳಿಸಿದಿರಿ. ಸರಿಪಡಿಸಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡೆ. ನಿಮ್ಮನ್ನು ನೋಡದೆ ಎಲ್ಲಿ ತಪ್ಪಿದೆನೆಂದು ಗೊತ್ತಾಗುತ್ತಿಲ್ಲ.

ನಿಂಬೆ ಗಿಡವನ್ನು ಹೊರಗೇ ಬಿಟ್ಟು, ‘ಎಡ ತೋಳು’ ಚಿಕ್ಕದು ಮಾಡಿ ಮತ್ತೊಂದು ಕಾಗದ ಕತ್ತರಿಸಿದ್ದೇನೆ. ಜೊತೆಗಿದೆ. ಮೆಟ್ಟಿಲು ಕೋಣೆಯ ಒಳಗೆ ಬಂದರೂ ಇದ್ದ ಹಾಗೇ ಇರುತ್ತದೆ, ಯಾರೂ ಒಡೆಯುವುದಿಲ್ಲ. ಆದರೂ ಬೇಡ ಅನಿಸಿದರೆ ಬೇಡ. ಎರಡು ಸಲ ಕೇಳಿದ್ದೇನೆ, ಮೂರನೇ ಸಲ ನಿಮ್ಮನ್ನು ಏನೂ ಕೇಳುವುದಿಲ್ಲ. ಇದು ನನ್ನ ಮಾತು.

ಇತಿ,
ಟೈಲರ್


ಏಪ್ರಿಲ್ ೨೭

ಟೈಲರಮ್ಮನವರಿಗೆ,

ಏಳು ವಾರ ಉತ್ತರ ಬರೆಯಲಿಲ್ಲ. ಕೆಲಸವಿತ್ತು ಎಂದು ಬರೆಯಬಹುದು, ಇತ್ತು ಕೂಡ.

ಇಲ್ಲಿ ನಾವು ಆರು ಜನ ಹೆಂಗಸರು ಒಂದು ತಗಡಿನ ಕೋಣೆಯಲ್ಲಿದ್ದೇವೆ. ಒಂದು ಕಿಟಕಿ ಇದೆ, ಅದರಿಂದ ಪಕ್ಕದ ತಗಡಿನ ಕೋಣೆ ಕಾಣುತ್ತದೆ. ನನ್ನ ಮಂಚದ ಮೇಲೆ ಯಾರು ಬೇಕಾದರೂ ಕೂರುತ್ತಾರೆ. ಲೆಕ್ಕ ಬರೆಯುವವಳು ನನ್ನ ದಿಂಬಿನ ಮೇಲೆ ಕಾಲಿಟ್ಟು ಉಗುರು ಕತ್ತರಿಸಿಕೊಳ್ಳುತ್ತಾಳೆ. ಬೇಡ ಎನ್ನಲು ಬಾಯಿ ಬರುವುದಿಲ್ಲ, ಏಕೆಂದರೆ ಅವಳು ಒಳ್ಳೆಯವಳು. ನಿಮ್ಮ ಪತ್ರ ಬಂದ ಮೇಲೆ ಒಂದು ವಿಷಯ ಗಮನಿಸಿದೆ. ಇಲ್ಲಿ ಎರಡು ವರ್ಷದಲ್ಲಿ ಯಾರೂ, ಯಾವ ಬಾಗಿಲನ್ನೂ ತಟ್ಟಿ ಒಳಗೆ ಬಂದದ್ದು ನಾನು ನೋಡಿಲ್ಲ.

ನಿಮ್ಮ ಕಂದು ಕಾಗದದ ಅಳತೆ ಹಿಡಿದು ಸರಿಯಾದ ನಕ್ಷೆ ಬರೆದಿದ್ದೇನೆ, ಜೊತೆಗಿದೆ. ಹಿಂಗೋಡೆಗೆ ಎದುರಾದ ಉದ್ದದ ಬದಿಯಲ್ಲಿ ಏಳು ಗಾಜು, ಒಂದೊಂದೂ ಇಪ್ಪತ್ತನಾಲ್ಕು ಇಂಚು ಅಗಲ. ಅಕ್ಕಪಕ್ಕ ಮೂರು ಮೂರು. ಮಾಡಿನ ಗಾಜನ್ನು ಗೋಡೆ ನಿಂತ ಮೇಲೆ ಅಳೆಯುವುದು ಒಳ್ಳೆಯದು. ನೀರು ಹೋಗಲು ಬಲಗಡೆ ಇಳಿಜಾರು ತೋರಿಸಿದ್ದೇನೆ. ಯಂತ್ರಕ್ಕೆ ಪೂರ್ವದ ಮೂಲೆ ಆಗಬಹುದು, ಬಿಸಿಲು ಬಟ್ಟೆಯ ಮೇಲೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ.

ಒಂದೇ ಷರತ್ತು. ನಿಂಬೆ ಗಿಡದ ಬುಡಕ್ಕೂ ಎಡಗೋಡೆಗೂ ನಡುವೆ ಹದಿನೈದು ಇಂಚು ಜಾಗ ಇರಲೇಬೇಕು. ಗಿಡಕ್ಕೆ ಯಾರೂ ಕೈ ಹಚ್ಚಬಾರದು.

ಇತಿ,
ಡ್ರೈವರ್ ಮಗಳು

ಮತ್ತೆ: ಹಾಳೆಯ ಮೂಲೆಯಲ್ಲಿ ಬರೆದ ಇಂಚುಗಳನ್ನೇ ನೋಡಿ, ಗೆರೆಗಳನ್ನು ಟೇಪಿನಿಂದ ಅಳೆಯಬೇಡಿ.


ಮೇ ೧೪

ನಮಸ್ಕಾರ, ನಮಸ್ಕಾರ, ಇನ್ನೊಂದು ನಮಸ್ಕಾರ.

ನಿಮ್ಮ ನಕ್ಷೆಯನ್ನು ಇಸ್ತ್ರಿ ಮಾಡಿದೆ. ಮಡಿಕೆ ಇರಬಾರದೆಂದು. ನಿಮ್ಮಪ್ಪ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮುಕ್ಕಾಲು ಗಂಟೆ ನೋಡಿದರು. ಅರ್ಥವಾದದ್ದು ಎಷ್ಟೋ ಗೊತ್ತಿಲ್ಲ, ಆಮೇಲೆ ಡಿಪೋಗೆ ತೆಗೆದುಕೊಂಡು ಹೋಗಿ ಕಂಡಕ್ಟರುಗಳಿಗೆಲ್ಲ ತೋರಿಸಿಕೊಂಡು ಬಂದರು. “ನನ್ ಮಗಳು ಬರ್ದಿದ್ದು. ಈ ಬಾಣದ ಗುರುತು ನೋಡಿ, ನೀರು ಹಿಂಗೇ ಹೋಗ್ಬೇಕು ಅಂದ್ರೆ ಹಿಂಗೇ ಹೋಗುತ್ತೆ.” ಹಾಳೆಗೆ ಒಂದು ಕಡೆ ಗ್ರೀಸ್ ಹತ್ತಿದೆ, ಹೊಟ್ಟೆಗೆ ಹಾಕಿಕೊಳ್ಳಿ.

ಪಾಯ ಹಾಕಿದ್ದಾಯಿತು. ಗಾಜು, ಚೌಕಟ್ಟು ಎರಡಕ್ಕೂ ಒಬ್ಬನೇ ಮೇಸ್ತ್ರಿ. ಅವನಿಗೆ ನಾನು ಹ್ಞೂಂ ಮೇಸ್ತ್ರಿ ಎಂದು ಹೆಸರಿಟ್ಟಿದ್ದೇನೆ. ಬಲು ಒಳ್ಳೆಯ ಕೆಲಸಗಾರ, ಆದರೆ ಬಾಯಿಂದ ಬರುವುದು ಅದೊಂದೇ ಅಕ್ಷರ. ಚಹಾ ಕುಡಿಯುತ್ತೀರಾ ಎಂದರೆ ಹ್ಞೂಂ. ಸಕ್ಕರೆ ಬೇಡವಾ ಎಂದರೂ ಹ್ಞೂಂ. ಗಾಜು ಬರುವುದು ಯಾವಾಗ ಎಂದು ಕೇಳಿದೆ, ಅದಕ್ಕೂ ಹ್ಞೂಂ. ಇದು ಕಾಯಿಸಿ ಗಟ್ಟಿ ಮಾಡಿದ ಗಾಜಂತೆ, ಕಲ್ಲು ಬಿದ್ದರೂ ಸುಲಭಕ್ಕೆ ಒಡೆಯದು. ಇಷ್ಟು ತಿಳಿಯಲು ನಾನು ಹನ್ನೆರಡು ಪ್ರಶ್ನೆ ಕೇಳಬೇಕಾಯಿತು. ಕೊನೆಗೆ ಅಳತೆಯ ಚೀಟಿಯನ್ನು ನಾನೇ ಕೂತು ನೀಟಾಗಿ ಬರೆದುಕೊಟ್ಟೆ.

ನಿಂಬೆಗೆ ಹದಿನೈದು ಇಂಚು ಬಿಟ್ಟು ನೆಲಕ್ಕೆ ಒಂದು ಗೂಟ ಹೊಡೆದಿದ್ದೇನೆ, ಕೆಂಪು ದಾರ ಕಟ್ಟಿ. ದಿನಾ ಬೆಳಿಗ್ಗೆ ನೋಡುತ್ತೇನೆ. ಗೂಟ ತಾನಾಗಿಯೇ ನಡೆದು ಹೋಗುತ್ತದೆಯೋ ಎಂಬಂತೆ ಕಾಯುತ್ತೀಯಲ್ಲ ಎಂದು ನಿಮ್ಮಪ್ಪ ತಮಾಷೆ ಮಾಡುತ್ತಾರೆ.

ಬಹಳ ಸಂತೋಷವಾಗಿದೆ. ಇದನ್ನು ಬೇರೆ ಹೇಗೆ ಬರೆಯಬೇಕೋ ತಿಳಿಯದು.

ಇತಿ,
ಟೈಲರ್


ಜೂನ್ ೨೨

ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಕೋಣೆಯ ಕೆಲಸ ಸ್ವಲ್ಪ ದಿನ ನಿಲ್ಲಿಸಿದ್ದೇವೆ. ವಿಶೇಷವೇನೂ ಇಲ್ಲ. ನಿಂಬೆ ಗಿಡ ಚೆನ್ನಾಗಿದೆ. ಶಾಲೆ ತೆರೆಯುವ ಕಾಲ, ನನಗೂ ಕೈತುಂಬ ಹೊಲಿಗೆ ಇದೆ. ಓಣಿಯ ದೀಪಗಳು ಬಹಳ ಉಪಯೋಗಕ್ಕೆ ಬಂದಿವೆ.

ನೀವು ಆರೋಗ್ಯ ನೋಡಿಕೊಳ್ಳಿ.

ಇತಿ,
ಟೈಲರ್


ಜುಲೈ ೩

ಅಪ್ಪಾ,

ಈ ಪತ್ರ ನಿನಗೆ. ಡಿಪೋ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಕೆಲಸ ಯಾಕೆ ನಿಂತಿದೆ? ಗುಡ್ಡ ಹತ್ತಿ ಫೋನ್ ಮಾಡಿದರೆ “ಎಲ್ಲಾ ಸರಿ ಇದೆ, ಊಟ ಆಯ್ತಾ?” ಅನ್ನುತ್ತೀಯ. ಅವರು ಬರೆದಿರುವುದು ಎಂಟು ಸಾಲು, ಅದರಲ್ಲಿ ಒಂದು ತಮಾಷೆ ಇಲ್ಲ, ಒಂದು ದೂರಿಲ್ಲ, ನಿನ್ನನ್ನು ಒಂದು ಸಲವೂ ಆಡಿಕೊಂಡಿಲ್ಲ. ಏನೋ ಆಗಿದೆ. ನನ್ನ ನಕ್ಷೆಯಲ್ಲಿ ತಪ್ಪಿತ್ತೇ? ಇದ್ದರೆ ಹೇಳು, ನಾನು ಅಳೆದು ತೂಗಿ ಬರೆದಿದ್ದೆ. ಅಥವಾ ಅವರಿಗೆ ಮೈ ಹುಷಾರಿಲ್ಲವೇ?

ಊಟ ಆಗಿದೆ. ಬೇರೆ ವಿಷಯ ಬರಿ.

ಮಗಳು


ಜುಲೈ ೧೫

ಮಗೂ,

ನಾನು ಕಾಗದ ಬರೆದು ಇಪ್ಪತ್ತು ವರ್ಷವಾಗಿರಬೇಕು. ಅಕ್ಷರ ಗುಂಡಿ ಬಿದ್ದ ರಸ್ತೆಯ ಹಾಗಿದೆ, ನಿಧಾನಕ್ಕೆ ಓದಿಕೊ. ಬಸ್ಸು ತೊಳೆಯುತ್ತಿದ್ದಾರೆ, ಅಷ್ಟರಲ್ಲಿ ಡಿಪೋದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳಿಗೆ ಗೊತ್ತಿಲ್ಲ.

ಅವಳು ಗಟ್ಟಿಯಾಗಿದ್ದಾಳೆ. ನಿನ್ನ ನಕ್ಷೆಯೂ ಸರಿಯಾಗಿತ್ತು. ತಪ್ಪಾದದ್ದು ಚೀಟಿಯಲ್ಲಿ. ನಿನ್ನ ಅಳತೆಗಳನ್ನು ಮೇಸ್ತ್ರಿಗೆ ಬರೆದುಕೊಡುವಾಗ ಇವಳು ಪ್ರತಿ ಗಾಜಿಗೂ ಆ ಕಡೆ ಎರಡು ಬೆರಳು, ಈ ಕಡೆ ಎರಡು ಬೆರಳು ಸೇರಿಸಿ ಬರೆದುಬಿಟ್ಟಿದ್ದಾಳೆ. ಬಟ್ಟೆ ಕತ್ತರಿಸುವಾಗ ಹೊಲಿಗೆಯ ಒಳಗೆ ಬಿಡುತ್ತಾರಲ್ಲ, ಮುಂದೆ ಮೈ ತುಂಬಿದರೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು, ಹಾಗೆ. ತಲೆಗೆ ಗೊತ್ತಿಲ್ಲದೆ ಕೈ ಬರೆದಿದೆ. ಬೇರೆ ಯಾವ ಮೇಸ್ತ್ರಿಯಾದರೂ “ಅಮ್ಮಾ, ನಕ್ಷೆಲಿ ಬೇರೆ ಇದೆಯಲ್ಲಾ” ಅನ್ನುತ್ತಿದ್ದ. ನಮ್ಮವನು ಹ್ಞೂಂ ಅಂದ.

ಗಾಜು ಬಂದು ಇಳಿಸಿದ ಮೇಲೆ ನೋಡಿದರೆ ಒಂದೊಂದೂ ಮೂರು ಇಂಚು ಜಾಸ್ತಿ. ಕಾಯಿಸಿದ ಗಾಜು, ಇನ್ನು ಕತ್ತರಿಸಲು ಬರುವುದಿಲ್ಲ, ಹೋದರೆ ಪುಡಿ ಪುಡಿ. ಏಳು ಗಾಜಿಗೆ ಇಪ್ಪತ್ತೊಂದು ಇಂಚು. ಮುಂದಕ್ಕೂ ಮೇಲಕ್ಕೂ ಜಾಗವಿದೆ, ಅದಕ್ಕೆ ತಕ್ಕ ಹಾಗೆ ಚೌಕಟ್ಟು ಹಿಗ್ಗಿಸುತ್ತೇನೆ ಎಂದು ಮೇಸ್ತ್ರಿಯೇ ಹೇಳಿದ, ಅವತ್ತು ಪೂರ್ತಿ ಒಂದು ವಾಕ್ಯ ಮಾತಾಡಿದ. ಆದರೆ ಬಲಗಡೆ ಕಾಂಪೌಂಡ್ ಗೋಡೆ. ಹಿಗ್ಗಬೇಕೆಂದರೆ ಎಡಕ್ಕೇ. ಎಡಕ್ಕೆ ನಿನ್ನ ಹದಿನೈದು ಇಂಚು, ಆಮೇಲೆ ನಿಂಬೆ.

“ಮಗಳಿಗೆ ಬರಿ, ಅವಳೇನು ಹುಲಿಯಾ?” ಅಂದೆ. “ಗಿಡ ಮುಟ್ಟಲ್ಲ ಅಂತ ಒಪ್ಕೊಂಡಿದೀನಿ. ಇನ್ನೊಂದ್ ಸಲ ಏನೂ ಕೇಳಲ್ಲ ಅಂತಾನೂ ಮಾತು ಕೊಟ್ಟಿದೀನಿ” ಅಂದಳು. ಹದಿಮೂರು ಗಾಜನ್ನೂ ಗೋಡೆಗೆ ಒರಗಿಸಿ ಹಳೇ ಹಾಸಿಗೆ ಬಟ್ಟೆ ಹೊದಿಸಿದ್ದಾಳೆ. ಯಾರಿಗಾದರೂ ಬೇಕಾದರೆ ಕೊಟ್ಟುಬಿಡಿ ಎಂದು ಮೇಸ್ತ್ರಿಗೆ ಹೇಳಿದ್ದಾಳೆ. ಯಂತ್ರ ಓಣಿಯಲ್ಲೇ ಇದೆ. ನನ್ನನ್ನು ಕಂಡರೆ ಎದ್ದು ಕುರ್ಚಿ ಎತ್ತುತ್ತಾಳೆ. ಮುಂಚೆ ಹಾಗೆ ಎತ್ತುವಾಗ ನನಗೆ ಏನಾದರೂ ಅನ್ನುತ್ತಿದ್ದಳು. ಈಗ ತುಟಿ ಪಿಟಕ್ಕೆನ್ನುವುದಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ.

ಈಗ ಇನ್ನೊಂದು. ಇದನ್ನು ಹನ್ನೆರಡು ವರ್ಷದ ಹಿಂದೆಯೇ ನಿನಗೆ ಹೇಳಬೇಕಿತ್ತು, ನನ್ನ ಕೈಯಲ್ಲಿ ಆಗಲಿಲ್ಲ.

ಆ ನಿಂಬೆ ಗಿಡವನ್ನು ನಿಮ್ಮಮ್ಮ ನೆಟ್ಟಿದ್ದಲ್ಲ ಮಗೂ. ಅದು ಬಚ್ಚಲ ನೀರು ಹೋಗುವ ಕಡೆ ತಾನಾಗಿಯೇ ಹುಟ್ಟಿದ್ದು. ಅವಳಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಅದರ ಪಕ್ಕದಲ್ಲೇ ಇತ್ತಲ್ಲ, ಪ್ರತಿ ಸಲ ಮುಳ್ಳು ಗೀರುತ್ತಿತ್ತು. “ಈ ಮುಳ್ಳಿನ ಮೂಟೇನ ಕಡೀರಿ ಅಂದ್ರೆ ಕಿವಿ ಮೇಲೇ ಹಾಕ್ಕೊಳಲ್ಲ” ಎಂದು ನನಗೂ ಗಿಡಕ್ಕೂ ಒಟ್ಟಿಗೇ ಮಂಗಳಾರತಿ. ಒಮ್ಮೆ ಗರಗಸವನ್ನೇ ತಂದು ಕೈಗೆ ಕೊಟ್ಟಳು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಜಾರಿಕೊಂಡೆ. ಸೋಮಾರಿತನ, ಬೇರೇನಿಲ್ಲ. ಅವಳು ಹೋದ ಮೇಲೆ ನೀನು ಅದಕ್ಕೆ ನೀರು ಹಾಕಲು ಶುರು ಮಾಡಿದೆ, ಅಮ್ಮನ ಗಿಡ, ಅಮ್ಮನ ಗಿಡ ಎಂದು. ನಿನಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ನಾನಂತೂ ಹಿಡಿದುಕೊಳ್ಳುವ ಹಾಗಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ.

ಇದೆಲ್ಲ ಇವಳಿಗೆ ಗೊತ್ತು. ಫೆಬ್ರವರಿಯಲ್ಲಿ ನಿನ್ನ ‘ಬೇಡ’ ಬಂದ ದಿನವೇ ಹೇಳಿದ್ದೆ. ಇದನ್ನು ಬರೆದುಬಿಡು, ಅವಳು ಒಪ್ಪುತ್ತಾಳೆ ಎಂದೆ. ಅದಕ್ಕೆ ಅವಳು, “ಆ ಹುಡುಗಿ ಹತ್ರ ಅಮ್ಮಂದು ಅಂತ ಇರೋದೇ ಅದೊಂದು. ಅದನ್ನೂ ಕಿತ್ಕೊಂಡು ನಾನು ಕೋಣೆ ಕಟ್ಕೊಳ್ಳಲಾ?” ಅಂದಳು. ಆಮೇಲೆ ಕಾಗದ ಹರಡಿಕೊಂಡು ಗಿಡ ಬಿಟ್ಟು ಬೇರೆ ನಕ್ಷೆ ಕತ್ತರಿಸಲು ಕೂತಳು.

ಹೊಲಿಗೆಯ ಒಳಗೆ ಬಿಡುವ ಮಾತು ಬಂದಾಗ ಇನ್ನೊಂದು ನೆನಪಾಯಿತು. ನಿನ್ನ ಆ ಕೋಟಿಗೆ ಎರಡಲ್ಲ, ಮೂರು ಬೆರಳು ಬಿಟ್ಟಿದ್ದಳಂತೆ, ನೀನು ಚಿಕ್ಕವಳು ಇನ್ನೂ ಮೈ ಕೈ ತುಂಬಿಕೊಳ್ಳುತ್ತೀಯ ಎಂದು. ಅಂಥದ್ದು ಹೇಗೆ ಬಿಗಿಯಾಯಿತೋ ಅವಳಿಗೆ ಇವತ್ತಿಗೂ ತಲೆಬುಡ ತಿಳಿದಿಲ್ಲ. ಎಷ್ಟೋ ಸಲ ಅದನ್ನು ಹರಡಿಕೊಂಡು ಮತ್ತೆ ಮತ್ತೆ ಅಳೆಯುತ್ತಿರುತ್ತಾಳೆ.

ಬಸ್ಸು ತೊಳೆದಾಯಿತು. ಹೊರಡುತ್ತೇನೆ. ಈ ಸಲ ನಿಜವಾಗಿಯೂ ಹೊತ್ತಾಗಿದೆ.

ಅಪ್ಪ


ಜುಲೈ ೩೦

ಚಿಕ್ಕಮ್ಮನಿಗೆ,

ಈ ಒಂದು ಪದಕ್ಕೆ ನಾನೂ ಮೂರು ಹಾಳೆ ಹರಿದೆ.

ಅಪ್ಪ ಎಲ್ಲವನ್ನೂ ಬರೆದಿದ್ದಾರೆ. ಅವರನ್ನು ಬೈಯಬೇಡಿ. ಬೈಯಲೇಬೇಕು ಅನಿಸಿದರೆ ಗಟ್ಟಿಯಾಗಿ ಬೈಯಿರಿ, ನೀವು ಸುಮ್ಮನಿರುವುದು ಅವರಿಗೆ ತಡೆಯಲಾಗುತ್ತಿಲ್ಲವಂತೆ.

ಗಾಜಿಗೆ ಹೊಲಿಗೆಯ ಜಾಗ ಬಿಟ್ಟ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ಲೆಕ್ಕ ಬರೆಯುವವಳು ನಕ್ಕು ನಕ್ಕು ನನ್ನ ಮಂಚದಿಂದ ಕೆಳಗೆ ಬಿದ್ದಳು. ನಮ್ಮ ಹಿರಿಯ ಎಂಜಿನಿಯರ್ ಮಾತ್ರ ನಗಲಿಲ್ಲ. “ನಾವೂ ಸೇತುವೆಲಿ ಸಂದು ಬಿಡ್ತೀವಲ್ಲ, ಬಿಸಿಲಿಗೆ ಹಿಗ್ಗೋಕೆ” ಅಂದರು. ನಾನೇ ಎಷ್ಟೋ ಸಲ ಆ ಸಂದನ್ನು ನಕ್ಷೆಯಲ್ಲಿ ಬರೆದಿದ್ದೇನೆ. ಮನೆಯ ನಕ್ಷೆಯಲ್ಲಿ ಬಿಡಬೇಕೆಂದು ಹೊಳೆದಿರಲಿಲ್ಲ.

ಅಪ್ಪನ ಪತ್ರ ಓದಿ ಮೊದಲು ಸಿಟ್ಟು ಬಂತು. ಎರಡು ದಿನ ಅದನ್ನು ಮಡಿಸಿ ದಿಂಬಿನ ಕೆಳಗಿಟ್ಟೆ. ಮೂರನೇ ದಿನ ಬಟ್ಟೆ ಒಣಹಾಕುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಅಮ್ಮನ ಕೈ ನೆನಪಾಯಿತು. ಮೊಣಕೈಯಿಂದ ಕೆಳಗೆ ಉದ್ದಕ್ಕೂ ಗೀರುಗಳಿರುತ್ತಿದ್ದವು. ಅವಕ್ಕೆ ಮುಲಾಮು ಹಚ್ಚುತ್ತಿದ್ದವಳು ನಾನೇ. ಹಚ್ಚುವಾಗ ಅವಳು ಆ ಗಿಡದ ವಂಶವನ್ನೇ ಜಾಲಾಡುತ್ತಿದ್ದಳು. ಅದನ್ನು ಹೇಗೆ ಮರೆತೆನೋ! ಹನ್ನೆರಡು ವರ್ಷದಿಂದ ನಾನು ಮೆಟ್ಟಿಲ ಮೇಲೆ ಸುಮ್ಮನೆ ಕೂತ ಅಮ್ಮನನ್ನು ಮಾತ್ರ ಇಟ್ಟುಕೊಂಡಿದ್ದೆ. ಬಾಯಿ ತುಂಬಾ ಬೈಯುತ್ತಿದ್ದ ಅಮ್ಮ ಈಗ ವಾಪಸ್ ಸಿಕ್ಕಿದಳು. ಬಕೆಟಿನ ಪಕ್ಕ ಕೂತು ಚೆನ್ನಾಗಿ ಅತ್ತೆ. ನೀವು ಮುಚ್ಚಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಯಾಕೆ ಮುಚ್ಚಿಟ್ಟಿರಿ ಎಂದು ತಿಳಿದ ಮೇಲೆ ನಿಮಗೆ ಏನು ಬರೆಯಬೇಕೆಂದೇ ತೋಚಲಿಲ್ಲ, ಅದಕ್ಕೇ ನಕ್ಷೆ ಬರೆದೆ.

ಜೊತೆಗಿದೆ, ನೋಡಿ. ನೀವು ತರಿಸಿದ ಗಾಜಿನ ಅಳತೆಗೇ ಬರೆದಿದ್ದೇನೆ. ಒಂದನ್ನೂ ವಾಪಸ್ ಕಳಿಸಬೇಡಿ. ಕೋಣೆ ಎಡಕ್ಕೆ ಇಪ್ಪತ್ತೊಂದು ಇಂಚು ಹಿಗ್ಗಿದೆ. ಗೊಂದಲ ಆಗಬಾರದೆಂದು ಗೋಡೆಗಳಿಗೆ ‘ಮುಂಭಾಗ’, ‘ಎಡ ತೋಳು’, ‘ಬಲ ತೋಳು’ ಎಂದೇ ಹೆಸರು ಬರೆದಿದ್ದೇನೆ. ಇದನ್ನು ನನ್ನ ಕಾಲೇಜಿನ ಮೇಷ್ಟ್ರು ನೋಡಿದರೆ ಕೊಟ್ಟ ಪದವಿಯನ್ನು ಕಿತ್ತುಕೊಳ್ಳುತ್ತಾರೆ.

ನಿಂಬೆ ಗಿಡ ಈಗ ಕೋಣೆಯ ಒಳಗೆ, ಎಡ ತೋಳಿನಿಂದ ಆರು ಇಂಚು ಈಚೆಗೆ ಬರುತ್ತದೆ. ಅಲ್ಲೊಂದು ಸಣ್ಣ ವೃತ್ತ ಹಾಕಿ ಬಿಟ್ಟಿದ್ದೇನೆ, ಪಕ್ಕದಲ್ಲಿ ಏನೂ ಬರೆದಿಲ್ಲ. ಇಟ್ಟುಕೊಳ್ಳುವಿರೋ, ಕಡಿಸುವಿರೋ ನೀವೇ ಬರೆದುಕೊಳ್ಳಿ. ಅದನ್ನು ಯಾರೂ ನೆಟ್ಟಿಲ್ಲ, ಹಾಗಾಗಿ ನಿಮ್ಮ ಕೋಣೆಯಲ್ಲಿ ನಿಮಗಿಂತ ಮೊದಲು ಯಾರೂ ಇದ್ದ ಹಾಗಾಗುವುದಿಲ್ಲ. ನನ್ನನ್ನು ಕೇಳಬೇಡಿ. ಅಪ್ಪನನ್ನು ಕೇಳಲೇಬೇಡಿ, ಅವರು ಬಸ್ಸಿಗೆ ಹೊರಡುತ್ತಾರೆ. ಇನ್ನು ನನ್ನನ್ನು ‘ನೀವು’ ಅನ್ನುವುದನ್ನೂ ದಯವಿಟ್ಟು ಬಿಡಿ.

ಕೊನೆಗೆ ಕೋಟಿನ ವಿಷಯ. ಎರಡು ವರ್ಷದಿಂದ ನೀವು ಅದರಲ್ಲಿ ತಪ್ಪು ಹುಡುಕುತ್ತಿದ್ದೀರಂತೆ. ಸಿಗುವುದಿಲ್ಲ ಚಿಕ್ಕಮ್ಮ. ಭುಜದಲ್ಲಿ ಬಿಗಿ ಎಂದದ್ದು ಸುಳ್ಳು. ನಾನು ಅದನ್ನು ಹಾಕಿಯೇ ನೋಡಿರಲಿಲ್ಲ. ಪೊಟ್ಟಣ ಬಿಚ್ಚಿದೆ, ಎದೆಯ ಒಳಮಗ್ಗುಲಲ್ಲಿ ನೀವು ಹೊಲಿದಿದ್ದ ಸಣ್ಣ ಜೇಬು ನೋಡಿದೆ, ಪೆನ್ಸಿಲಿಗೆಂದು ಇರಬೇಕು, ಹಾಗೇ ಮಡಿಸಿ ಅಪ್ಪನ ಕೈಗೆ ಕೊಟ್ಟೆ. ಹಾಕಿಕೊಂಡಿದ್ದರೆ ಸರಿಹೊಂದುತ್ತಿತ್ತು ಎಂದು ಆಗಲೇ ಗೊತ್ತಿತ್ತು. ಕ್ಷಮಿಸಿ.

ಸೆಪ್ಟೆಂಬರ್ ಮೊದಲ ವಾರದಿಂದ ಹತ್ತು ದಿನ ರಜೆ ಸಿಕ್ಕಿದೆ, ಬರುತ್ತೇನೆ. ಕೋಟು ಬೀರುವಿನಲ್ಲೇ ಇರಲಿ. ಅಷ್ಟರಲ್ಲಿ ಹ್ಞೂಂ ಮೇಸ್ತ್ರಿ ಕೋಣೆಯನ್ನು ಕಟ್ಟಿ ನಿಲ್ಲಿಸಿರುತ್ತಾನೆ, ನಿಮ್ಮ ಯಂತ್ರ ಪೂರ್ವದ ಮೂಲೆಯಲ್ಲಿರುತ್ತದೆ. ನಾನು ಹಿಂದಿನ ದಾರಿಯಿಂದ ಬರುತ್ತೇನೆ. ಗಾಜಿನ ಕೋಣೆ, ನಾನು ಗೇಟು ತೆಗೆದಾಗಲೇ ನಿಮಗೆ ಕಾಣುತ್ತೇನೆ, ನೀವೂ ನನಗೆ ಕಾಣುತ್ತೀರಿ. ಆದರೂ ಬಾಗಿಲು ತಟ್ಟುತ್ತೇನೆ. ನೀವು ಬಾ ಎಂದ ಮೇಲೆಯೇ ಒಳಗೆ ಬರುತ್ತೇನೆ.

ಇತಿ,
ಮಗಳು